ಬಾಗಿಲ ಹಿಂದಿನ ಗೆರೆಗಳು

ಜೂನ್ ೩, ೨೦೧೪. ಬನಹಟ್ಟಿ. ಮಧ್ಯಾಹ್ನ ೩
ರಾತ್ರಿಯೆಲ್ಲ ಮಗ್ಗ. ಬೆಳಿಗ್ಗೆ ಏಳಕ್ಕೆ ಮಲಗಿದ್ದು. ಎದ್ದರೂ ತಲೆ ಭಾರ. ಎಡಗಾಲ ಮೀನಖಂಡ ಬಾತಿದೆ, ಬಲಗಾಲು ಸರಿಯಾಗಿದೆ. ನಿಂತು ನಿಂತು ಆಗಿರಬೇಕು. ಹೆಂಡತಿ ಗುರುಬಸವ್ವನಿಗೆ ಹೇಳಿಲ್ಲ. ಹೇಳಿದರೆ ತನ್ನ ತಮ್ಮ ಸೋಮಲಿಂಗನನ್ನು ಕರೆಸುತ್ತಾಳೆ. ಅವನಿಗೆ ನನ್ನ ಮಗ್ಗದ ಮೇಲೆ ಕಣ್ಣು.
ಬಾಗಿಲ ಹಿಂದೆ ಸೀಮೆಸುಣ್ಣದ ಗೆರೆ. ಹದಿನಾಲ್ಕು. ನಿನ್ನೆ ಇರಲಿಲ್ಲ.

ಜೂನ್ ೫
ಹಳೆಯ ಗೆರೆ ಅಳಿಸಿ, ಇವತ್ತು ಹೊಸದಾಗಿ ಇಪ್ಪತ್ತೆರಡು. ಗುರುಬಸವ್ವನನ್ನು ಕೇಳಿದೆ.
"ಏನಿಲ್ರೀ, ಹಂಗ ಕೈ ಆಡಿಸೀನಿ."
ಸುಮ್ಮನೆ ಕೈ ಆಡಿಸಿದವಳು ಐದೈದರ ಗುಂಪು ಮಾಡುತ್ತಾಳೇನು?

ಜೂನ್ ೭
ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನಕ್ಕೇ ಎಚ್ಚರ. ಕಣ್ಣು ತೆರೆಯಲಿಲ್ಲ. ತಲೆಯ ಹತ್ತಿರ ಪಿಸುಮಾತು.
"ಎಷ್ಟಾತಬೇ ಅಕ್ಕಾ?" — ಸೋಮಲಿಂಗ.
"ಮೂವತ್ತೊಂದು. ನಿಮ್ಮ ಮಾವಗ ಹೇಳಬ್ಯಾಡಲೇ, ಹೆದರತಾರ."
ನಾನ್ಯಾಕೆ ಹೆದರಲಿ?... ಕಣ್ಣು ಮಾತ್ರ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡೆ.

ಜೂನ್ ೮
ನಿದ್ದೆ ಬಂದವನಂತೆ ಬಿದ್ದುಕೊಂಡೆ. ಒಂದು ತಾಸು. ಮುಖ ನೋಡಿ ಹೋದಳು. ಒಂದೂ ಗೆರೆ ಎಳೆಯಲಿಲ್ಲ. ಎಚ್ಚರವಿದ್ದದ್ದು ಹೇಗೆ ತಿಳಿಯಿತು?

ಜೂನ್ ೧೬. ಜಮಖಂಡಿ, ದವಾಖಾನೆ
ಕಾಲು ಕಂಬದಂತಾಗಿ ಬಿದ್ದೆ. ಹೊತ್ತು ತಂದವನು ಸೋಮಲಿಂಗನೇ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಎದೆಗೆ ಏರಿದರೆ ಜೀವಕ್ಕೇ ಅಪಾಯ.
ಡಾಕ್ಟರು ಕೇಳಿದ್ದು — "ಗೊರಕಿ ಹೊಡೀತೀರೇನ್ರೀ?" ಕುತ್ತಿಗೆಗೆ ಟೇಪು ಹಿಡಿದರು. ಕಾಲು ಬಾತವನ ಕುತ್ತಿಗೆ ಯಾಕೆ ಅಳೆಯಬೇಕು! ಏನೋ ಮಾರುವ ಹುನ್ನಾರ...
ಗುರುಬಸವ್ವ ಬಾಯಿ ಬಿಟ್ಟಳು. "ನಿದ್ದಿಯೊಳಗ ಇವ್ರ ಉಸರು ನಿಂದರತೈತ್ರೀ. ಒಮ್ಮೆ ಕರೆಂಟ್ ಹೋಗಿ ಮಗ್ಗದ ಸಪ್ಪಳ ನಿಂತಾಗ ಗೊತ್ತಾತು. ಅವತ್ತಿಂದ ನಿಂತಾಗೊಮ್ಮೆ ಒಂದು ಗೆರಿ ಎಳದೀನಿ. ಎರಡು ತಾಸಿನ್ಯಾಗ ಮೂವತ್ತೊಂದು."
ಡಾಕ್ಟರು ತಲೆಯಾಡಿಸಿದರು. "ಕುತ್ತಿಗಿ ದಪ್ಪ ಇದ್ದವ್ರಿಗೆ ಇದು ಹೆಚ್ಚು. ಉಸರು ನಿಂತು ನಿಂತು ರಕ್ತಕ್ಕ ಆಕ್ಸಿಜನ್ ಕಡಿಮಿ ಬಿದ್ರ ಹೆಪ್ಪುಗಟ್ಟೂದು ಹೆಚ್ಚಾಗಬಹುದು. ಇದೊಂದ ಕಾರಣ ಅನ್ನೂದಿಲ್ಲ. ಹಂಗಂತ ಬಿಡಾಕೂ ಬರೂದಿಲ್ಲ."

ಜುಲೈ ೧೪
ರಕ್ತ ತೆಳುವಾಗುವ ಗುಳಿಗೆ ನಡೆದಿದೆ. ನಿದ್ದೆಯ ಪರೀಕ್ಷೆಯೂ ಆಯಿತು. ಈಗ ಉದ್ದ ನಳಿಕೆಯಿಂದ ಮೂಗಿಗೆ ಗಾಳಿ ಊದುವ ಮಷೀನ್. ನಂಬಿಕೆ ಇಲ್ಲ. ನಡುವೆ ಕರೆಂಟ್ ಹೋದರೆ?
"ನಾ ಇಲ್ಲೇನ್ರೀ?" ಅಂದಳು ಗುರುಬಸವ್ವ.
"ಮಾವಾ, ಸೊಂಡಿಲ ಹಚ್ಚಿದ ಆನಿ ಆಗೀರಿ!" ಸೋಮಲಿಂಗ ನಕ್ಕ. ನನಗೂ ನಗು ಬಂತು. ತೋರಿಸಲಿಲ್ಲ.

ಜುಲೈ ೧೬. ಮಧ್ಯಾಹ್ನ ೨
ಏಳು ತಾಸು ನಿದ್ದೆ. ತಲೆ ಹಗುರ. ಮೊದಲು ಬಾಗಿಲ ಹಿಂದೆ ನೋಡಿದೆ. ಒಂದೂ ಗೆರೆ ಇಲ್ಲ. ಉಸಿರು ನಿಲ್ಲಲಿಲ್ಲವೋ, ಇವಳು ಎಣಿಸಲಿಲ್ಲವೋ?
ಗೋಡೆಗೆ ಒರಗಿ, ಕೂತಲ್ಲೇ ಮಲಗಿದ್ದಾಳೆ. ಎಷ್ಟು ಹೊತ್ತಿನಿಂದ? ಎಬ್ಬಿಸಿ ಕೇಳಬೇಕು... ಎಬ್ಬಿಸಲಿಲ್ಲ. ಆರು ವಾರದಲ್ಲಿ ಇವಳು ಮಲಗಿದ್ದನ್ನು ಕಂಡೇ ಇಲ್ಲ. ಬೆರಳ ನಡುವಿನ ಸೀಮೆಸುಣ್ಣ ಮೆಲ್ಲಗೆ ತೆಗೆದುಕೊಂಡೆ. ಎದುರು ಕೂತಿದ್ದೇನೆ. ಸಣ್ಣ ಗೊರಕೆ. ಇವಳ ಉಸಿರೂ ಎಲ್ಲಾದರೂ —