ಲೆನ್ಸ್ ಡಬ್ಬಿಯ ನೀರು

ಆಸ್ಪತ್ರೆಯ ಹಿಂಬದಿಯ ಲ್ಯಾಬು,
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಎಡಗಣ್ಣು ಹೇಗಿದೆ? ಮೊದಲನೆಯ ಪ್ರಶ್ನೆಗೆ ನಿನ್ನ ಮಾಮೂಲಿ "ಸೂಪರ್ ಅಕ್ಕಾ" ಸಾಕು, ಎರಡನೆಯದಕ್ಕೆ ನಿಜವಾದ ಉತ್ತರ ಬೇಕು. ಚಿಕ್ಕಂದಿನಲ್ಲಿ ಕನ್ನಡಕ ತಪ್ಪಿಸಿಕೊಳ್ಳಲು ಕಣ್ಣಿನ ಡಾಕ್ಟರ ಚಾರ್ಟನ್ನೇ ಬಾಯಿಪಾಠ ಮಾಡಿ ಒಪ್ಪಿಸಿದವಳು ನೀನು. ಆಗಲೇ ಅಮ್ಮ ಹೇಳಿದ್ದಳು, ಇವಳು ನಾಟಕದವಳೇ ಆಗ್ತಾಳೆ ಅಂತ. ಫೋನ್ ಮಾಡಿದರೆ ಅಕ್ಕನ ಬೈಗುಳ ಎಂದು ಎತ್ತುವುದಿಲ್ಲ, ಕಾಗದವಾದರೆ ಓದುತ್ತೀಯೆ. ಕಣ್ಣಿಗೆ ಶ್ರಮವಾಗದಿರಲಿ ಎಂದು ಅಕ್ಷರ ದಪ್ಪದಪ್ಪ ಬರೆದಿದ್ದೇನೆ, ನಗಬೇಡ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋಯುತ್ತದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ನಿನ್ನ ಕಾಗದ ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಕಣ್ಣು ಅಷ್ಟೇನೂ ಕೆಂಪಗಿಲ್ಲ, ಆದರೆ ಒಳಗೆ ಮುಳ್ಳು ಆಡಿಸಿದಂಥ ನೋವು, ರಂಗದ ದೀಪ ಬಿದ್ದರೆ ಪ್ರಾಣವೇ ಹೋಗುತ್ತದೆ ಎಂದು ಬರೆದಿದ್ದೀಯೆ. ಅಲ್ಲಿನ ಡಾಕ್ಟರು ವೈರಸ್ ಎಂದರು, ಕುಲುಕಿ ಹಾಕುವ ಹಾಲಿನಂಥ ಡ್ರಾಪ್ಸ್ ಕೊಟ್ಟರು, ಈಗ ಕೆಂಪು ಇಳಿದಿದೆ, ನೋವು ಮಾತ್ರ ಬಂದು ಹೋಗಿ ಮಾಡುತ್ತದೆ ಎಂದೂ ಬರೆದಿದ್ದೀಯೆ. ಅವರನ್ನು ದೂರುವುದಿಲ್ಲ, ಶುರುವಿನಲ್ಲಿ ವೈರಸ್ಸೂ ನಾನು ಹೆದರುತ್ತಿರುವ ಇನ್ನೊಂದು ರೋಗವೂ ಒಂದೇ ಥರ ಕಾಣುತ್ತವೆ. ನನಗೆ ಹೆದರಿಕೆ ಕೆಂಪು ಇಳಿದದ್ದಕ್ಕೇ. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಆ ಡ್ರಾಪ್ಸ್ ಮಾಡುವ ಕೆಲಸ ಕೆಲವು ಸಲ ಅದು, ಮೇಲಿನ ಕೆಂಪು ಅಡಗಿಸಿ ಒಳಗಿನ ರೋಗವನ್ನು ಬೆಳೆಯಲು ಬಿಡುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಇಲ್ಲಿಗೆ ಈಜು ಕಲಿಸುವವಳೊಬ್ಬಳು ಬಂದಿದ್ದಾಳೆ. ನಿನ್ನಷ್ಟೇ ವಯಸ್ಸು, ನಿನ್ನಷ್ಟೇ ಹಟ. ನಿನ್ನ ಹಾಗೇ ಕಾಂಟ್ಯಾಕ್ಟ್ ಲೆನ್ಸಿನವಳು, ಅದನ್ನು ಹಾಕಿಕೊಂಡೇ ಕೊಳಕ್ಕಿಳಿಯುತ್ತಿದ್ದಳಂತೆ. ಬೆಳಕು ತಡೆಯಲಾರದೆ ತಲೆಯ ಮೇಲೆ ಟವೆಲ್ ಹೊದ್ದು, ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳಿಗೂ ಬೇರೆ ಕಡೆ ವೈರಸ್ ಎಂದೇ ಹೇಳಿ ಅಂಥದೇ ಹಾಲಿನಂಥ ಡ್ರಾಪ್ಸ್ ಹಾಕಿದ್ದರು. ನಮ್ಮ ದೊಡ್ಡ ಡಾಕ್ಟರು ಅವಳ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರವನ್ನು, ಮೆಲ್ಲಗೆ ಕೆರೆದು ಸ್ಲೈಡಿಗೆ ಸವರಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ (ಕಣ್ಣಾಸ್ಪತ್ರೆಯಲ್ಲಿ ಹಾಗೆ ಹೇಳಬಾರದು, ಆದರೂ). ಇನ್ನೂ ಆಳದಿಂದ ಕೆರೆದು ಕೊಟ್ಟ ಮೇಲೆ ಸ್ಲೈಡಿನ ಅಂಚಿನಲ್ಲಿ ಸಿಕ್ಕಿತು. ಗೋಡೆಯೊಳಗೊಂದು ಗೋಡೆ ಕಟ್ಟಿಕೊಂಡು ಮಲಗಿದ್ದ ಅಮೀಬಾ. ನಲ್ಲಿ, ತೊಟ್ಟಿ, ಕೊಳ, ಎಲ್ಲೆಂದರಲ್ಲಿ ಬದುಕುವ ಜೀವಿ. ಕಣ್ಣಿಗೆ ಬರುವುದು ತೀರಾ ಅಪರೂಪ, ಬಂದರೆ ಸುಮ್ಮನೆ ಎದ್ದು ಹೋಗುವ ನೆಂಟನಲ್ಲ. ಈಗ ಸರಿಯಾದ ಮದ್ದು ಗಂಟೆಗೊಮ್ಮೆ ಬೀಳುತ್ತಿದೆ. ಆದರೆ ಆ ಕಣ್ಣಿಗೆ ಸದ್ಯಕ್ಕೆ ಕಿಟಕಿ ಯಾವ ಕಡೆಗಿದೆ ಎನ್ನುವುದಷ್ಟೇ ತಿಳಿಯುತ್ತದೆ. ಬರುವಾಗ ತಡವಾಗಿತ್ತು.

ಹೋದ ಸಲ ನಿಮ್ಮ ನಾಟಕ ಕಂಪನಿ ಇಲ್ಲಿ ಆಡಿದಾಗ ನೀನು ಮನೆಗೆ ಬಂದು, ಬಣ್ಣ ತೊಳೆದ ಒದ್ದೆ ಕೈಯಲ್ಲೇ ಲೆನ್ಸ್ ತೆಗೆದು ಡಬ್ಬಿಗೆ ನಲ್ಲಿ ನೀರು ಬಿಟ್ಟೆ. ನಾನು ಕೂಗಾಡಿದೆ. "ಕುಡಿಯೋ ನೀರು ತಾನೇ ಅಕ್ಕಾ, ಹೊಟ್ಟೆಗೆ ಆಗೋದು ಕಣ್ಣಿಗೆ ಆಗಲ್ವಾ?" ಎಂದು ಅಮ್ಮನನ್ನೂ ನಗಿಸಿದೆ. ಆಟ ಮುಗಿದ ಮೇಲೆ ಎಲ್ಲರಿಗೂ ಒಂದೇ ಬಕೆಟ್ಟು, ಮೊದಲು ಮುಖ, ಆಮೇಲೆ ಲೆನ್ಸ್, ಅದೇ ನಿಮ್ಮ ಪದ್ಧತಿಯಂತೆ. ಹೊಸ ಡಬ್ಬಿ ಕೊಡಿಸಿ ಕಳಿಸಿದೆ. ಹಳೆಯದು ಬಚ್ಚಲಿನ ಕನ್ನಡಿಯ ಹಿಂದೆ ಉಳಿದಿತ್ತು, ತಳದಲ್ಲಿ ಇನ್ನೂ ನೀರಿತ್ತು. ನಿನ್ನ ಕಾಗದ ಓದಿದವಳೇ ಅದನ್ನು ಲ್ಯಾಬಿಗೆ ತಂದೆ. ಇಲ್ಲಿ ಗಾಜಿನ ತಟ್ಟೆಯ ಜೆಲ್ಲಿಯ ಮೇಲೆ ಬ್ಯಾಕ್ಟೀರಿಯಾ ಹಾಸಿರುತ್ತೇವೆ. ಅಮೀಬಾ ಇದ್ದರೆ ಅದನ್ನು ಮೇಯುತ್ತಾ ಹೋಗಿ ಹಿಂದೆ ದಾರಿ ಬಿಡುತ್ತದೆ, ದನ ನುಗ್ಗಿದ ಹೊಲದ ಹಾಗೆ. ಡಬ್ಬಿಯ ನೀರು ಹಾಕಿಟ್ಟೆ. ನಿನ್ನೆಯವರೆಗೆ ಏನೂ ಕಾಣಲಿಲ್ಲ. ನನ್ನದೇ ಅತಿಯಿರಬಹುದು. ಹುಳ ಹುಡುಕುವುದೇ ಕಸುಬಾದವಳಿಗೆ ಅನ್ನದಲ್ಲೂ ಹುಳ ಕಾಣುತ್ತದೆ ಎಂದು ನಿಮ್ಮ ಭಾವ ಛೇಡಿಸುತ್ತಾರೆ.

ಅಂತೂ ಲೆನ್ಸ್ ಮುಟ್ಟಬೇಡ. ನಾಯಕಿ ಕನ್ನಡಕ ಹಾಕಿಕೊಂಡಳೆಂದು ರಾಜಕುಮಾರ ಓಡಿಹೋಗುವುದಿಲ್ಲ. ಬಿಡುವು ಮಾಡಿಕೊಂಡು ಬಂದು ತೋರಿಸಿಕೊಂಡು ಹೋಗು. ಕಂಪನಿಯ ಹಿರಿಯರಿಗೆ ನಮಸ್ಕಾರ ತಿಳಿಸು. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಎರಡು ಬೈಗುಳವನ್ನೂ. ನಿನ್ನ ಕಣ್ಣು ತಣ್ಣಗಿರಲಿ.

ನಿನ್ನ ಜಗಳಗಂಟಿ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಟ್ಟೆಯನ್ನು ಇನ್ನೊಮ್ಮೆ ನೋಡಿದೆ. ದಾರಿಗಳಿವೆ. ದೊಡ್ಡ ಡಾಕ್ಟರನ್ನು ಕರೆದು ತೋರಿಸಿದೆ, ಅವರೂ ಅದೇ ಎಂದರು. ಡಬ್ಬಿಯಲ್ಲಿದ್ದ ಮಾತ್ರಕ್ಕೆ ಕಣ್ಣಿನಲ್ಲಿದೆ ಎಂದಲ್ಲ. ಕೆರೆದು ನೋಡಬೇಕು, ಇವತ್ತೇ ನೋಡಬೇಕು. ಅದಕ್ಕೇ ಇದನ್ನು ಅಂಚೆಗೆ ಹಾಕದೆ ನಿಮ್ಮ ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ. ಎದುರಿಗೆ ನಿಂತಿದ್ದಾರಲ್ಲ, ಅವರನ್ನು ಕೂರಿಸಿ ಟೀ ಮಾಡಲು ಹೋಗಬೇಡ. ಆ ಡ್ರಾಪ್ಸ್ ಇನ್ನು ಒಂದು ಹನಿಯೂ ಬೇಡವೆಂದು ದೊಡ್ಡ ಡಾಕ್ಟರು ಹೇಳಿದ್ದಾರೆ, ಬಾಟಲಿಯನ್ನು ಜೊತೆಗೆ ತಾ. ಇವತ್ತಿನ ಆಟಕ್ಕೆ ಬೇರೆ ಯಾರಾದರೂ ನಿಲ್ಲಲಿ. ಈಗ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹಾಳೆ ತಿರುಗಿಸು. ಹಿಂಬದಿಯಲ್ಲಿ ಒಂದೇ ಸಾಲಿದೆ, ಭಾವನಿಗೆ ಗಟ್ಟಿಯಾಗಿ ಓದಿ ಹೇಳು. ಕಾಣದಿದ್ದರೆ ಕಾಣುವುದಿಲ್ಲ ಅನ್ನು. ಆ ಸಾಲಿನಲ್ಲಿರುವ ಮಾತನ್ನು ನಾನು ನಿನಗೆ ಯಾವತ್ತೂ ಹೇಳಿದವಳಲ್ಲ, ಬಾಯಿಪಾಠ ಒಪ್ಪಿಸಲು ಆಗುವುದಿಲ್ಲ.

ಗುಬ್ಬೀ, ನನಗೆ ಭಯವಾಗಿದೆ, ಬೇಗ ಬಾ.