ಮಡಚಿದ ಮಂಡಿಯನ್ನು ಮುಟ್ಟಿ ನೋಡಿ

ಎರಡನೆಯ ತಿಂಗಳು, ಮೂವತ್ತೆಂಟನೆಯ ದಿನ, ೨೨೧೬

ಇನ್ನೂರು ವರ್ಷ ಹಿಂದಿರುವ ನಮ್ಮವರೇ,

ತಾರೀಖು ತಪ್ಪಿಲ್ಲ. ಮಾಲೀಕರು ತಿಂಗಳಿಗೆ ನಲವತ್ತು ದಿನ ಮಾಡಿದ್ದಾರೆ. ರಜೆ ಮಾತ್ರ ಒಂದೇ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಿ, ನಿಮಗಿನ್ನೂ ಅವುಗಳ ಅಗತ್ಯ ಬಿದ್ದಿಲ್ಲ. ನಾವು ನೀರೇರಿಗಳು. ಎಂಬತ್ತು ಅಂತಸ್ತಿನ ಕಟ್ಟಡಗಳಲ್ಲಿ ಲಿಫ್ಟು, ಪಂಪು ಸತ್ತು ಮೂರು ತಲೆಮಾರಾಯಿತು. ಮೇಲಿನವರು ಕುಡಿಯುವ ಪ್ರತಿ ಹನಿಯೂ ನಮ್ಮ ಬೆನ್ನೇರಿ ಹೋಗುತ್ತದೆ. ನಾನು ದುರ್ಗವ್ವ, ಮೂವತ್ತು ವರ್ಷ ಹೊತ್ತವಳು, ಈಗ ನಮ್ಮ ಸಾಲಿನವರ ಕಾಲು ನೋಡುವವಳು.

ನಮ್ಮಲ್ಲೊಂದು ಪದ್ಧತಿಯಿದೆ, ಮಂಡಿ ಕೊಡುವುದು. ಜೊತೆಯವರು ಸುಸ್ತಾದರೆ ಮೆಟ್ಟಿಲ ಮೇಲೆ ಕಾಲೂರಿ ಮಂಡಿ ಮಡಚುತ್ತೇವೆ. ಅವರು ತಮ್ಮ ಪೀಪಾಯಿಯನ್ನು ಅದರ ಮೇಲಿಟ್ಟು ಉಸಿರು ತೆಗೆದುಕೊಳ್ಳುತ್ತಾರೆ. ಕೊಡದವರನ್ನು ನಾವು ಮನುಷ್ಯರೆಂದು ಎಣಿಸುವುದಿಲ್ಲ. ಇಪ್ಪತ್ತಮೂರು ದಿನದ ಹಿಂದೆ, ನಲವತ್ತೊಂದನೆಯ ಅಂತಸ್ತಿನಲ್ಲಿ, ನನ್ನ ತಂಗಿಯ ಮಗಳು ಹುಲಿಗೆವ್ವ ಹಾಗೆ ಮಂಡಿ ಕೊಟ್ಟಳು. ಪೀಪಾಯಿ ಜಾರಿ ಮಂಡಿಗೆ ಹೊರಬದಿಯಿಂದ ಬಡಿಯಿತು. ಪಾದ ಊರಿದಲ್ಲೇ ಇತ್ತು, ಮಂಡಿ ಒಳಕ್ಕೆ ವಾಲಿತು. ಒಳಬದಿಯಲ್ಲಿ ಟಪ್ಪೆಂದದ್ದು ನನಗೂ ಕೇಳಿಸಿತು.

ಅವಳನ್ನು ನಿಲುಗಣ್ಣಿನ ಮುಂದೆ ನಿಲ್ಲಿಸಿದರು. ನಿಂತವರ ಕಾಲು ನೋಡಿ ಹಸಿರು ಇಲ್ಲವೇ ಕೆಂಪು ದೀಪ ಹಾಕುವ ಯಂತ್ರ ಅದು. ಹಸಿರು ಹತ್ತಿತು. ಹತ್ತದೇ ಏನು? ನೆಟ್ಟಗಿದ್ದಾಗ ಮಂಡಿಯನ್ನು ಒಳಗಿನ ಬೇರೆ ಕಟ್ಟುಗಳೂ, ಅಂದರೆ ಲಿಗಮೆಂಟುಗಳೂ, ಹಿಡಿದಿರುತ್ತವೆ. ನಾನು ಅವಳನ್ನು ಮಲಗಿಸಿ, ಮಂಡಿಯನ್ನು ಸ್ವಲ್ಪವೇ ಮಡಚಿ, ತೊಡೆ ಹಿಡಿದು ಕಾಲನ್ನು ಹೊರಕ್ಕೆ ಒತ್ತಿದೆ. ಒಳಬದಿಯ ಸಂದು ನನ್ನ ಬೆರಳ ಕೆಳಗೆ ಬಾಯಿ ಬಿಟ್ಟಿತು, ಆಮೇಲೆ ಗಟ್ಟಿಯಾಗಿ ತಡೆಯಿತು. ಅಂದರೆ ಒಳಬದಿಯ ಲಿಗಮೆಂಟು ಪೂರ್ತಿ ಹೋಗಿಲ್ಲ, ಅರ್ಧ ಹರಿದಿದೆ. ಕತ್ತರಿ ಬೇಡ, ಕಾಲ ಬೇಕು. ಕನಿಷ್ಠ ಆರು ವಾರ.

ಮೇಸ್ತ್ರಿ ಅಡಿವೆಪ್ಪ ನಕ್ಕ. "ಯಂತ್ರ ಹಸಿರು ಅಂದೈತಿ. ನಿನ್ನ ಕೈ ಯಂತ್ರಕ್ಕಿಂತ ಶಾಣ್ಯಾ ಏನು?"

"ನಿನ್ನ ಯಂತ್ರ ಮೆಟ್ಟಿಲು ಹತ್ತತೈತೇನೋ ಅಣ್ಣಾ? ನೆಟ್ಟನ ಕಾಲಾಗ ಯಾರು ಹತ್ತತಾರ?" ಎಂದೆ.

ನಮ್ಮದೂ ತಪ್ಪಾಯಿತು. ಅಕ್ಕರೆಯಲ್ಲಿ ನಮ್ಮವರು ಕಾಲಿಗೆ ಹಲಗೆ ಕಟ್ಟಿ ಒಂಬತ್ತು ದಿನ ಅಲ್ಲಾಡದಂತೆ ಮಲಗಿಸಿದರು. ಮಂಡಿ ಮರಗಟ್ಟಿತು, ತೊಡೆ ಸೊರಗಿತು. ಜಗಳವಾಡಿ ಬಿಚ್ಚಿಸಿದೆ. ಕಿತ್ತ ಬಾಗಿಲಿನ ಕೀಲು ತಂದು, ಹಿಂದೆ ಮುಂದೆ ಮಡಚುವ, ಪಕ್ಕಕ್ಕೆ ವಾಲದ ಮಂಡಿಪಟ್ಟಿ ಮಾಡಿದೆವು. ದಿನವೂ ಕಸರತ್ತು: ಹಿಮ್ಮಡಿ ಜಾರಿಸಿ ಮಡಚುವುದು, ತೊಡೆ ಬಿಗಿಯುವುದು, ಕಾಲು ನೆಟ್ಟಗೆ ಎತ್ತುವುದು, ಆಮೇಲೆ ಒಂದೊಂದೇ ಮೆಟ್ಟಿಲು. ನಿನ್ನೆ ಹನ್ನೊಂದು ಹತ್ತಿದಳು. ಇಳಿಯುವಾಗ ಗೋಡೆ ಹಿಡಿದಳು. ಸಂದು ಇನ್ನೂ ತೆರೆಯುತ್ತದೆ.

ಇವತ್ತು ಮಧ್ಯಾಹ್ನ ಅವಳು ತುಂಬಿದ ಪೀಪಾಯಿ ಹೊತ್ತು ಎಂಬತ್ತೂ ಅಂತಸ್ತು ಹತ್ತಬೇಕಂತೆ, ಇಲ್ಲವೇ ಕೆಲಸ ಕಳೆದುಕೊಂಡು ಸಾಲು ಬಿಡಬೇಕಂತೆ, ಮಾಲೀಕರ ಅಪ್ಪಣೆ. ಈ ಸಲ ವಾಲಿದರೆ ನಡುವಿನ ಲಿಗಮೆಂಟೂ ಹೋದೀತು, ಮತ್ತೆ ಆ ಮಂಡಿಯನ್ನು ಕೂಡಿಸುವವರು ನಮ್ಮ ಕಡೆ ಯಾರೂ ಇಲ್ಲ. ಸಾಲಿನವರೆಲ್ಲ ಆಗಲೇ ಮೆಟ್ಟಿಲ ಮೇಲೆ ಕೂತಿದ್ದೇವೆ. ಮಾಲೀಕರ ಕಡೆಯವರು ಮಡಚಿದ ಮಂಡಿಯನ್ನು ಕೈಯಿಂದ ಪರೀಕ್ಷಿಸುವವರೆಗೆ ಒಂದು ಹನಿಯೂ ಮೇಲಕ್ಕಿಲ್ಲ. ಒಪ್ಪದವಳು ಅವಳೊಬ್ಬಳೇ. "ನನ್ನ ಪೀಪಾಯಿ ನೀವು ಎಷ್ಟು ದಿನ ಹೊರ್ತೀರಿ ದೊಡ್ಡವ್ವಾ? ನನ್ನೊಬ್ಬಾಕಿ ಸಲುವಾಗಿ ಎಲ್ಲಾರೂ ಕೆಲಸ ಕಳಕೊಳ್ತೀರೇನು?" ಎನ್ನುತ್ತಾಳೆ. ನಾಚಿಕೆ ಅವಳಿಗಂತೆ! ನಾಚಬೇಕಾದವರು ನಿಲುಗಣ್ಣಿನ ದೀಪದ ಹಿಂದೆ ಕೂತಿದ್ದಾರೆ.

ಯಂತ್ರವೊಂದೇ ಸಾಕು, ಕೈ ಬೇಡ ಎಂಬ ಕಾಗದಕ್ಕೆ ನಮ್ಮ ಅಜ್ಜಿಯರು ಹೆಬ್ಬೆಟ್ಟು ಒತ್ತಿದ್ದರು. ಓದಿ ಹೇಳುವವರಿರಲಿಲ್ಲ. ನಿಮ್ಮ ಮುಂದೆಯೂ ಅದು ಬರುತ್ತದೆ. ಒತ್ತಬೇಡಿ. ಯಂತ್ರ ಬೇಡವೆನ್ನುತ್ತಿಲ್ಲ, ಅದು ಎಡವಿದಾಗ ಎದುರು ನಿಲ್ಲುವ ಕೈ ಇರಲಿ. ವೈದ್ಯರೇ, ಕೈಯಿಂದ ಮಂಡಿ ನೋಡುವುದನ್ನು ಹೊರುವವರಿಗೂ ಕಲಿಸಿ.

ಹುಲಿಗೆವ್ವ ಎದ್ದಳು. ಪೀಪಾಯಿಯ ಪಟ್ಟಿ ಹೆಗಲಿಗೇರಿಸುತ್ತಿದ್ದಾಳೆ. ಕಾಗದ ಇಲ್ಲಿಗೆ ಬಿಡುತ್ತೇನೆ, ಅವಳನ್ನು ಹಿಡಿದು ಕೂರಿಸಬೇಕು.

ದುರ್ಗವ್ವ