ಎಮ್ಮಾಡಿ, ತ್ರಾಸಿ, ನಾವುಂದ

ಚಿಕ್ಕಬಾಣಾವರ
16-11-2025, ಭಾನುವಾರ

ಪ್ರೀತಿಯ ಶಶಿ ಅಕ್ಕನಿಗೆ,

ತಂಗಿ ಚೈತ್ರಳ ನಮಸ್ಕಾರ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ, ನಲ್ಲಿ ನೀರು ಮಾತ್ರ ಮೂರು ದಿನಕ್ಕೊಮ್ಮೆ ಬರುತ್ತದೆ. ನೀನು, ಭಾವ, ಮಗು, ನಿಮ್ಮ ಅತ್ತೆ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ದಸರಾಕ್ಕೆ ಮುಂಚೆ ನೀನು ಬರೆದದ್ದಕ್ಕೆ ದೀಪಾವಳಿ ಕಳೆದರೂ ಉತ್ತರ ಕೊಡಲಿಲ್ಲ, ತಪ್ಪಾಯಿತು. ಫೋನ್ ಮಾಡಿದಾಗಲೆಲ್ಲ "ಬಾಯಲ್ಲಿ ಏನೇ ಇಟ್ಕೊಂಡಿದೀಯ?" ಅಂತ ನೀನು ಬೈಯುತ್ತೀಯ. ಫೋನ್ ಕಿವಿಗಿಟ್ಟರೆ ನನಗೆ ಮಾತು ಹೊರಡುವುದಿಲ್ಲ. ಕಾಗದವಾದರೆ ಕೂತು ಯೋಚಿಸಬಹುದು, ಬೇಡವಾದದ್ದನ್ನು ಹೊಡೆದು ಹಾಕಬಹುದು. ಇದನ್ನು ಎರಡು ಸಲ ಬರೆದು ಹರಿದೆ, ಇದು ಮೂರನೆಯದು.

ಮೊದಲು ಸುದ್ದಿ ಹೇಳುತ್ತೇನೆ. ನನ್ನ ಪಾರ್ಸೆಲ್ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೆದರಬೇಡ, ಪೂರ್ತಿ ಓದು.

ನಮ್ಮ ಪಡುಕರೆ ಮೋಟಾರ್ಸ್‌ನಲ್ಲಿ ನಾನು ಮೂರು ವರ್ಷದಿಂದ ಮಾಡುತ್ತಿದ್ದುದು ಒಂದೇ ಕೆಲಸ. ಯಶವಂತಪುರದ ಆಫೀಸಿನ ಹಿಂದಿನ ಕೋಣೆಯಲ್ಲಿ ಕೂತು ಪಾರ್ಸೆಲ್ ಮೇಲೆ ದಪ್ಪ ಪೆನ್ನಿನಲ್ಲಿ ಊರು, ಹೆಸರು ಬರೆಯುವುದು. ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆ ಓಡುವ ಲೋಕಲ್ ಬಸ್ಸಿಗೆ ಹೋಗುವ ಮೂಟೆ ಒಂದು ಕಡೆ, ನಿಮ್ಮ ಕರಾವಳಿಗೆ ಹೋಗುವ ಡಬ್ಬ ಇನ್ನೊಂದು ಕಡೆ. ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ. ನನಗೆ ಹೇಳಿ ಮಾಡಿಸಿದ ಕೆಲಸ ಅದು. ಐದನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟವಳ ಅಕ್ಷರ ಇಷ್ಟು ಚೆನ್ನಾಗಿದೆಯಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಶಾಲೆ ಯಾಕೆ ಬಿಟ್ಟೆ ಅಂತ ನಿನಗೆ ಗೊತ್ತೇ ಇದೆ. ಆರನೇ ಕ್ಲಾಸಿನ ಮೊದಲ ದಿನ ಮೇಷ್ಟ್ರು ನಿಲ್ಲಿಸಿ ಪಾಠ ಓದಿಸಿದರು. "ಹಸು ಹಾಲು" ಅಂತ ಬರೆದಿತ್ತು. ನಾನು "ಅಸು ಆಲು" ಅಂದೆ. ಮಾರನೆಯ ದಿನದಿಂದ ಹೋಗಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅದು, ಹೋಗು ಅಂತ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾಗದದ ಮೇಲೆ ಹ ನಾನು ಇಟ್ಟ ಕಡೆ ಇರುತ್ತದೆ ಅಕ್ಕ. ನಾಲಿಗೆಯ ಮೇಲೆ ನಿಲ್ಲುವುದಿಲ್ಲ.

ಹೋದ ತಿಂಗಳು ಮ್ಯಾನೇಜರ್ ಮುನೀಂದ್ರಣ್ಣ ಕರೆದು, "ಚೈತ್ರಾ, ಡಿಸೆಂಬರ್‌ನಿಂದ ಪಾರ್ಸೆಲ್ ಎಲ್ಲಾ ಹೊರಗಿನವ್ರಿಗೆ ಕೊಡ್ತಾವ್ರೆ. ಕಂಪ್ಯೂಟರ್‌ನಲ್ಲಿ ಸ್ಟಿಕ್ಕರ್ ಬರುತ್ತೆ. ನಿನ್ನ ಅಕ್ಷರಕ್ಕೆ ನಾನೇನು ಮಾಡ್ಲಿ ಹೇಳು?" ಅಂದರು. ನಾನು ತಲೆ ಆಡಿಸಿ ಬಂದೆ.

ಅದೇ ವಾರ ಖಾದರ್ ಬಾಷಾ ಅವರ ಗಂಟಲು ಹೋಯಿತು. ಆರ್.ಟಿ. ನಗರದಿಂದ ಬರುವ ಅವರು ಇಪ್ಪತ್ತೆರಡು ವರ್ಷದಿಂದ ನಮ್ಮ ಬಸ್ಸುಗಳಿಗೆ ಜನ ಕೂಗುತ್ತಿದ್ದರು. "ಉಡ್ಪಿ ಉಡ್ಪಿ ಕುಂದಾಪ್ರ ಭಟ್ಕಳ್" ಅಂತ ಅವರು ಎಳೆದರೆ ಮೆಟ್ರೋ ಮೆಟ್ಟಿಲಿನಿಂದ ಜನ ಇಳಿದು ಬರುತ್ತಿದ್ದರು. ಡಾಕ್ಟರ್ ಆರು ತಿಂಗಳು ಪಿಸುಮಾತು ಬಿಟ್ಟು ಬೇರೆ ಏನೂ ಆಡಬೇಡಿ ಅಂದಿದ್ದಾರೆ. ಗಣೇಶನ ಹಬ್ಬದ ನಂತರ ಶುರುವಾದ ಬೆಳಗಿನ ಏಳೂಕಾಲರ ಬಸ್ಸು ಹೊನ್ನಾವರದವರೆಗೆ ಹೋಗುತ್ತದೆ. ಅವರು ಕೂಗದ ವಾರ ಆ ಬಸ್ಸಿನಲ್ಲಿ ಒಂಬತ್ತು ಜನ. ಅವರ ಜಾಗಕ್ಕೆ ಯಾವುದೋ ಹುಡುಗಿಯ ದನಿ ರೆಕಾರ್ಡ್ ಮಾಡಿಸಿ ಮೈಕಿನಲ್ಲಿ ಹಾಕುತ್ತೇವೆ ಅಂತ ಮುನೀಂದ್ರಣ್ಣ ಹೇಳುವುದು ನನ್ನ ಕಿವಿಗೆ ಬಿತ್ತು.

ಆಮೇಲೆ ನಾನು ಮಾಡಿದ್ದನ್ನು ನೀನು ನಂಬುವುದಿಲ್ಲ. ಎದ್ದು ಹೋಗಿ, "ನಾನು ಕೂಗ್ತೀನಿ" ಅಂದೆ.

ಅವರು ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ನೋಡಿದರು. "ನೀನಾ? ನೀನು ಕಾಫಿ ಬೇಕಾ ಅಂದ್ರೆ ಬೇಕು ಅನ್ನೋದಕ್ಕೆ ಅರ್ಧ ಗಂಟೆ ಮಾಡ್ತೀಯ."

"ಕೂಗ್ತೀನಿ ಅಣ್ಣ. ಎಂಟು ದಿನ ಕೊಡಿ. ಬಸ್ಸು ತುಂಬ್ಲಿಲ್ಲ ಅಂದ್ರೆ ನಾನೇ ಬಿಟ್ಟೋಗ್ತೀನಿ."

ಅಕ್ಕ, ಇಷ್ಟು ದೊಡ್ಡ ಮಾತು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ.

ಮೊದಲ ದಿನ ಬಸ್ಸಿನ ಪಕ್ಕ ನಿಂತು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. ಹತ್ತು ಜನ ಹತ್ತಿದರು, ಅವರಾಗಿಯೇ ಹತ್ತಿದವರು. ಎರಡನೆಯ ದಿನ ದನಿ ಬಂತು, ಜೊತೆಗೆ ನಮ್ಮೂರೂ ಬಂತು. "ಒನ್ನಾವರ, ಒನ್ನಾವರ" ಅಂತ ಕೂಗಿದೆ. ಬ್ಯಾಗು ಹಾಕಿಕೊಂಡ ಕಾಲೇಜು ಹುಡುಗನೊಬ್ಬ, "ಮೇಡಂ, ಒನ್ ನಾವರ ಹೊರಡ್ತು, ಟೂ ನಾವರ ಎಷ್ಟೊತ್ತಿಗೆ?" ಅಂದ. ಅವನ ಜೊತೆಯವರು ನಗುತ್ತಾ ಮುಂದಿನ ಬಸ್ಸಿಗೆ ಹೋದರು. ಮೂರನೆಯ ದಿನ ಹ ಬಿಡಬಾರದು ಅಂತ ಹಲ್ಲು ಕಚ್ಚಿ ನಿಂತೆ. ಆ ಹೆದರಿಕೆಯಲ್ಲಿ ಬೇಡದ ಕಡೆಗೂ ಹ ಬಂತು. "ಹುಡುಪಿ, ಹುಡುಪಿ" ಅಂದುಬಿಟ್ಟೆ. ಅಲ್ಲಿ ಆಟೋ ನಿಲ್ಲಿಸಿಕೊಂಡಿರುವ ನದೀಮ್ ತಲೆ ಹೊರಗೆ ಹಾಕಿ, "ಯಾವುದಮ್ಮಾ ಇದು ಹೊಸ ಊರು ಹುಡುಪಿ? ಬೀಚ್ ಐತಾ ಅಲ್ಲಿ?" ಅಂದ. ಆಫೀಸಿನ ಹಿಂದೆ ಹೋಗಿ ಅತ್ತೆ. ಅತ್ತು ಮುಖ ತೊಳೆದುಕೊಂಡೆ. ಇನ್ನೂ ಐದು ದಿನ ಇತ್ತು.

ಖಾದರ್ ಬಾಷಾ ಅವರು ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಆಫೀಸಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಹತ್ತಿರ ಕರೆದರು. ಅವರ ಪಿಸುಮಾತು ಕೇಳಬೇಕಾದರೆ ಕಿವಿ ಅವರ ಬಾಯಿಯ ಹತ್ತಿರ ಒಯ್ಯಬೇಕು.

"ಬೇಟಿ, ಮೊದಲಕ್ಷರ ಯಾರಿಗಮ್ಮಾ ಕೇಳುತ್ತೆ ಈ ರೋಡಲ್ಲಿ? ಅದನ್ನ ಹಾರ್ನ್ ತಿನ್ಕೊಂಡು ಹೋಗುತ್ತೆ. ನಾನು ಇಪ್ಪತ್ತೆರಡು ವರ್ಷ ಮೊದಲಕ್ಷರ ಟ್ರಾಫಿಕ್‌ಗೇ ಬಿಟ್ಟಿದ್ದೆ. ನೀನು ಕೊನೇದು ಎಳಿ. ಹೊಟ್ಟೆಯಿಂದ ಎಳಿ."

"ನಗ್ತಾರೆ ಅಂಕಲ್."

"ನಗಲಿ. ನಗೋನು ಕೇಳಿಸ್ಕೊಂಡ ಅಂತ ಅರ್ಥ. ಕೇಳದೇ ಇರೋನು ಬಸ್ಸು ಹತ್ತಲ್ಲ."

ಅವತ್ತು ಮಧ್ಯಾಹ್ನ ಪಾರ್ಸೆಲ್ ಬರೆಯುತ್ತಾ ಕೂತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಕೂಗುವವರೆಲ್ಲ ದೊಡ್ಡ ಊರು ಮಾತ್ರ ಕೂಗುತ್ತಾರೆ. ಉಡುಪಿ, ಕುಂದಾಪುರ, ಭಟ್ಕಳ. ಆದರೆ ನನ್ನ ಡಬ್ಬಗಳು ಹೋಗುವುದು ತಲ್ಲೂರಿಗೆ, ಹೆಮ್ಮಾಡಿಗೆ, ತ್ರಾಸಿಗೆ, ಮರವಂತೆಗೆ, ನಾವುಂದಕ್ಕೆ, ಉಪ್ಪುಂದಕ್ಕೆ. ಮೂರು ವರ್ಷ ಬರೆದು ಬರೆದು ಆ ಊರುಗಳು ಒಂದರ ಹಿಂದೆ ಒಂದು ನನ್ನ ಕೈಗೆ ಬರುತ್ತವೆ. ಒಂದನ್ನೂ ನಾನು ನೋಡಿಲ್ಲ. ಡಬ್ಬ ಇಳಿಯುವ ಕಡೆ ಜನ ಇಳಿಯುವುದಿಲ್ಲವೇ?

ನಾಲ್ಕನೆಯ ದಿನ ಅವನ್ನೇ ಕೂಗಿದೆ. "ತಲ್ಲೂರು, ಎಮ್ಮಾಡಿ, ತ್ರಾಸಿ, ಮರವಂತೆ, ನಾವುಂದಾ." ಕೊನೆಯದನ್ನು ಎಳೆದೆ. ರಸ್ತೆಯ ಆಚೆ ಬೇರೆ ಕಂಪನಿಯ ಬಸ್ಸಿಗೆ ಚೀಲ ಎತ್ತಿ ಕೊಡುತ್ತಿದ್ದ ಹೆಂಗಸೊಬ್ಬರು ಚೀಲ ಹಿಡಿದುಕೊಂಡೇ ತಿರುಗಿದರು. ರಸ್ತೆ ದಾಟಿ ಬಂದು, "ನಾವುಂದಕ್ಕೆ ನಿಲ್ಲಿಸ್ತ್ರಾ? ಬಾಗಿಲು ಹತ್ರವೇ ಇಳಿಸ್ತ್ರಾ?" ಅಂತ ಕೇಳಿದರು. ಹತ್ತು ವರ್ಷದಿಂದ ಈ ಬೆಂಗಳೂರಿನಲ್ಲಿದ್ದೇನೆ, ನನ್ನ ಊರಿನ ಹೆಸರನ್ನು ಯಾರಾದರೂ ಕೂಗಿದ್ದು ಇವತ್ತೇ ಕೇಳಿದ್ದು ಅಂದರು. ಹಿಂದೆಯೇ ಒಬ್ಬ ಮುದುಕರು ಬಂದು, "ಎಮ್ಮಾಡಿ ಅಲ್ಲ ಮಗಾ, ಹೆಮ್ಮಾಡಿ, ಹೆಮ್ಮಾಡಿ" ಅಂತ ತಿದ್ದಿದರು. ತಿದ್ದುತ್ತಲೇ ಮೆಟ್ಟಿಲು ಹತ್ತಿದರು. ಅವತ್ತು ಹತ್ತೊಂಬತ್ತು ಜನ. ಮಾರನೆಯ ದಿನ ಇಪ್ಪತ್ತಾರು. ನಗುವವರು ನಗುತ್ತಲೇ ಇದ್ದರು. ನಾನು ಹೊಟ್ಟೆಯಿಂದ ಎಳೆಯುತ್ತಲೇ ಇದ್ದೆ.

ಎಂಟನೆಯ ದಿನ ಮಾಲೀಕರು ಬಂದರು. ಹೆಗ್ಡೆಯವರು ನಿಮ್ಮ ಕುಂದಾಪುರದವರೇ. ಕೈ ಹಿಂದೆ ಕಟ್ಟಿಕೊಂಡು ಬಸ್ಸಿನ ಹಿಂಬದಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಮುಂದೆ ಬಂದು, "ಎಂತ ಮಾರಾಯ್ತಿ ಇದು? ಹೆಮ್ಮಾಡಿ ನನ್ನ ಹೆಂಡತಿ ಊರು. ನೀನು ಅದನ್ನ ಎಮ್ಮೆ ಕಟ್ಟುವ ಜಾಗ ಮಾಡಿದ್ಯಲ್ಲ. ಮುನೀಂದ್ರ, ಆ ರೆಕಾರ್ಡಿಂಗ್ ಮಾಡ್ಸುದೇ ಒಳ್ಳೇದು ಕಾಣ್ತದೆ" ಅಂದರು.

ನಾನು ಕೇಳಿದೆ, "ಸಾರ್, ನಿಮ್ಮೂರು ಯಾವುದು?"

"ಕುಂದಾಪ್ರ."

"ಬೋರ್ಡ್ ಮೇಲೆ ಕುಂದಾಪುರ ಅಂತ ನಾನೇ ಬರೆದಿದೀನಿ ಸಾರ್. ದಾ ಆದ್ಮೇಲೆ ಒಂದು ಪು ಇತ್ತು. ಅದೆಲ್ಲೋಯ್ತು?"

ಮುನೀಂದ್ರಣ್ಣ ಚಪ್ಪಲಿ ನೋಡಿಕೊಂಡು ನಿಂತರು. ಖಾದರ್ ಬಾಷಾ ಅವರು ದನಿಯಿಲ್ಲದೆ ನಗುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಹೆಗ್ಡೆಯವರಿಗೆ ಅರ್ಥ ಆಯಿತು. ಒಂದು ಸಲ ಬಾಯಲ್ಲೇ "ಕುಂದಾಪ್ರ, ಕುಂದಾಪುರ" ಅಂದುಕೊಂಡರು.

"ಎಷ್ಟು ಸೀಟು ಖಾಲಿ ಇತ್ತ್?" ಅಂತ ಮುನೀಂದ್ರಣ್ಣನನ್ನು ಕೇಳಿದರು.

"ಮೂರು ಸಾರ್."

"ಮೂರೇಯಾ?" ಅಂದು ಬಸ್ಸಿನೊಳಗೆ ಇಣುಕಿ ಅವರೇ ನೋಡಿ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ಬೋರ್ಡಲ್ಲಿ ಸರಿಯಾಗಿ ಬರಿ. ಬಾಯಲ್ಲಿ ನಿಂಗೆ ಬಂದ ಹಾಂಗೆ ಕೂಗು. ಮೂರು ತಿಂಗಳು ನೋಡುವ" ಅಂದರು.

ಮೂರು ತಿಂಗಳು ಅಂದರೆ ನನಗೆ ಸಾಕು. ಡಿಸೆಂಬರ್ ಒಂದರಿಂದ ಬೆಳಗ್ಗೆ ಹಗಲು ಬಸ್ಸಿಗೆ ಕೂಗುವುದು, ಆಮೇಲೆ ಸಂಜೆಯವರೆಗೆ ಟಿಕೆಟ್ ಕೌಂಟರಿನಲ್ಲಿ ಕೂರುವುದು. ಮೂರು ತಿಂಗಳಾದ ಮೇಲೂ ನಾನು ಅಲ್ಲೇ ಇರುತ್ತೇನೆ ಅಕ್ಕ, ಬರೆದಿಟ್ಟುಕೋ. ಬಸ್ಸಿನ ಬಾಗಿಲ ಪಕ್ಕ ಹೊಸ ಬೋರ್ಡು ಬರೆದಿದ್ದೇನೆ, ಸಣ್ಣ ಊರುಗಳೆಲ್ಲ ಇವೆ. ಹೆಮ್ಮಾಡಿಯ ಹ ಎಲ್ಲಕ್ಕಿಂತ ದೊಡ್ಡದಾಗಿದೆ. ನದೀಮ್ ಅದನ್ನು ನೋಡಿ, "ಬಾಯಲ್ಲಿ ಬರದಿರೋದೆಲ್ಲ ಇಲ್ಲಿ ಹಾಕಿಬಿಟ್ಟೆ" ಅಂದ. ಅವನ ಆಟೋ ಹಿಂದೆಯೂ ಏನೋ ಬರೆದುಕೊಡಬೇಕಂತೆ.

ಕೆಲಸದವರ ಮನೆಯವರಿಗೆ ವರ್ಷಕ್ಕೊಂದು ಪಾಸ್ ಕೊಡುತ್ತಾರೆ. ಮೂರು ವರ್ಷದಿಂದ ನಾನು ಕೇಳಿಯೇ ಇರಲಿಲ್ಲ. ಈಗ ಕೇಳಿ ತೆಗೆದುಕೊಂಡೆ. ಮುಂದಿನ ಭಾನುವಾರ, 23ನೇ ತಾರೀಕು, ಏಳೂಕಾಲರ ಬಸ್ಸಿನಲ್ಲಿ ಅಮ್ಮ, ನಾನು ಇಬ್ಬರೂ ನಿಮ್ಮಲ್ಲಿಗೆ ಬರುತ್ತಿದ್ದೇವೆ. ಅಮ್ಮ ಮೊದಲು, "ನಾನ್ಯಾಕವ್ವ ಅಲ್ಲಿಗೆ, ನೀನೊಬ್ಳೇ ಓಗ್ಬಾ" ಅಂದಳು. ನಾನು ಬಿಡಲಿಲ್ಲ. ಮೂರನೆಯ ದಿನ ಅವಳಾಗಿಯೇ, "ಅಗಲು ಬಸ್ಸು ತಾನೇ? ಕಿಟಕೀಲಿ ನೋಡ್ಕೊಂಡು ಓಗ್ಬೋದು ಬುಡು" ಅಂದಳು. ಸಂಜೆ ಐದೂವರೆಗೆ ಕುಂದಾಪುರಕ್ಕೆ ಬರುತ್ತೇವೆ. ಭಾವ ಬೇಕರಿ ಬಿಟ್ಟು ಬರುವುದು ಬೇಡ, ನಾವೇ ಆಟೋ ಹಿಡಿದು ಬರುತ್ತೇವೆ. ಭಾವ ಜಾಲಹಳ್ಳಿಯಲ್ಲಿದ್ದಾಗ ತಿನ್ನುತ್ತಿದ್ದರಲ್ಲ, ಆ ನಿಪ್ಪಟ್ಟು ಅಮ್ಮ ಮಾಡಿಟ್ಟಿದ್ದಾಳೆ.

ಈ ಕಾಗದವನ್ನು ಡ್ರೈವರ್ ಬಾಲರಾಜಣ್ಣನ ಕೈಲಿ ಕಳಿಸುತ್ತಿದ್ದೇನೆ, ನಾಳೆ ಸಂಜೆಗೆ ನಿನಗೆ ಸಿಗುತ್ತದೆ. ನಿಮ್ಮ ಅತ್ತೆಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಒಂದು ಮುತ್ತು, ನೂರು ವರ್ಷ ಚೆನ್ನಾಗಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಚೈತ್ರ

ಮರೆತ ಮಾತು ಅಂತ ಕಾಗದದ ಕೆಳಗೆ ಬರೆಯುತ್ತಾರೆ. ನಾನು ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇಷ್ಟನ್ನು ನೀನೊಬ್ಬಳೇ ಓದು.

ಉತ್ತರ ತಡವಾದದ್ದಕ್ಕೆ ಕೆಲಸದ ಗಡಿಬಿಡಿ ಅರ್ಧ ಕಾರಣ. "ಅಮ್ಮ ನನ್ನ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಫೋನಿನಲ್ಲೂ ಮಗು ಏನ್ ಮಾಡ್ತೈತೆ ಅಂತಲೇ ಕೇಳ್ತಾಳೆ, ಅವಳಿಗೆ ಮೊಮ್ಮಗಳ ಮೇಲೆ ಆಸೆಯೇ ಇಲ್ಲ" ಅಂತ ನೀನು ಬರೆದಿದ್ದೆಯಲ್ಲ, ಅದಕ್ಕೆ ಏನು ಬರೆಯಲಿ ಅಂತ ಗೊತ್ತಾಗದೆ ಕೂತಿದ್ದೆ.

ನಾಮಕರಣದ ದಿನ ತೊಟ್ಟಿಲ ಹತ್ತಿರ, ಅಜ್ಜಿ ಮೂರು ಸಲ ಕಿವಿಯಲ್ಲಿ ಹೆಸರು ಹೇಳಲಿ ಅಂದರು. ಪುನರ್ವಸು ನಕ್ಷತ್ರಕ್ಕೆ ಹ ಬಂತು, ನೀನು ಹಂಸಿಕಾ ಅಂತ ಇಟ್ಟೆ, ಅದರಲ್ಲಿ ತಪ್ಪಿಲ್ಲ. ಅಮ್ಮ ಬಗ್ಗಿ "ಅಂಸಿಕಾ" ಅಂದಳು. ಸುತ್ತ ನಿಂತವರು ನಕ್ಕರು. ಅವರು ನಕ್ಕದ್ದು ಅಮ್ಮನಿಗೆ ತಾಗಿರಲಿಕ್ಕಿಲ್ಲ. ನೀನೂ ನಕ್ಕೆ. ನಕ್ಕು, "ನಿನ್ ಕೈಲಾಗಲ್ಲ ಬಿಡಮ್ಮ, ಅತ್ತೆ ಹೇಳ್ತಾರೆ" ಅಂದೆ. ಅಮ್ಮ ಸೆರಗು ಸರಿ ಮಾಡಿಕೊಂಡು ಹಿಂದೆ ಸರಿದಳು. ಎರಡು ವರ್ಷದಿಂದ ನಿಮ್ಮ ಮನೆಗೆ ಬಾರದಿರುವುದು ಅದಕ್ಕೆ. ಬೆಳಗ್ಗೆ ಸೊಪ್ಪು ಬಿಡಿಸುತ್ತಾ ಒಬ್ಬಳೇ ಆ ಹೆಸರು ಹೇಳಿಕೊಳ್ಳುತ್ತಾಳೆ. ನಾನು ಬಾಗಿಲಿಗೆ ಬಂದರೆ ನಿಲ್ಲಿಸುತ್ತಾಳೆ.

ಒಂದು ಸಲ ಹೇಳಿದ್ದಾಳೆ, ಇನ್ನೆರಡು ಸಲ ಉಳಿದಿದೆ. ಭಾನುವಾರ ಅದನ್ನು ಹೇಳಲಿಕ್ಕೆ ಬರುತ್ತಿದ್ದಾಳೆ, ಅವಳ ಬಾಯಿಗೆ ಹೇಗೆ ಬರುತ್ತದೋ ಹಾಗೆ. ಬೇರೆ ಯಾರು ನಕ್ಕರೂ ನಾನು ಪಕ್ಕದಲ್ಲೇ ಇರುತ್ತೇನೆ, ನಾನು ಉತ್ತರ ಕೊಡುತ್ತೇನೆ. ನೀನು ಮಾತ್ರ ನಗಬೇಡ.